ಸುಶೀಲಾಬಾಯಿಗೆ ಇಲ್ಲದ ಹುಣ್ಣು

ಬಸಲಿಂಗವ್ವನಿಗೆ ರೋಗಿಯ ಕೆಲಸ ಸಿಕ್ಕಿದ್ದು ಗೊಂಬೆಗಳ ದೆಸೆಯಿಂದ.

ಗ್ರಾಂಟ್ ರೋಡ್ ಸ್ಟೇಶನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಅವಳು ಹದಿನಾಲ್ಕು ವರ್ಷದಿಂದ ನೆಲ ಒರೆಸುತ್ತಿದ್ದಳು. ಆಸ್ಪತ್ರೆಯ ಹಿಂಬದಿಗೆ ನರ್ಸಿಂಗ್ ಸ್ಕೂಲಿನ ಬಿಲ್ಡಿಂಗು. ಅದರ ಮೂರನೆಯ ಮಹಡಿ ಅವಳ ಪಾಲಿನದು. ಅಲ್ಲಿ ಒಂದು ಉದ್ದನೆಯ ಕೋಣೆಯಲ್ಲಿ ಆರು ಮಂಚ, ಮಂಚಕ್ಕೊಂದರಂತೆ ರಬ್ಬರಿನ ಗೊಂಬೆ. ಹುಡುಗಿಯರು ಆ ಗೊಂಬೆಗಳಿಗೆ ಸೂಜಿ ಚುಚ್ಚುತ್ತಿದ್ದರು, ಮೈ ಒರೆಸುತ್ತಿದ್ದರು, ಮಗ್ಗುಲು ಬದಲಿಸುತ್ತಿದ್ದರು. ಗೊಂಬೆಗಳು ಎಲ್ಲಕ್ಕೂ ಒಪ್ಪಿಕೊಂಡು ಸೂರು ನೋಡುತ್ತ ಮಲಗಿರುತ್ತಿದ್ದವು. ಬಸಲಿಂಗವ್ವ ವಾರಕ್ಕೊಮ್ಮೆ ಅವುಗಳ ಮುಖದ ಧೂಳು ಒರೆಸುತ್ತಿದ್ದಳು.

ಹುಡುಗಿಯರಿಗೆ ಪಾಠ ಹೇಳುವ ವಿನೋದಿನಿ ಸಿಸ್ಟರ್ ಕುಂದಾಪುರದ ಕಡೆಯವರು. ಮುಂಬಯಿಗೆ ಬಂದು ಇಪ್ಪತ್ತೆರಡು ವರ್ಷವಾಗಿದ್ದರೂ ಕನ್ನಡ ಕಿವಿಗೆ ಬಿದ್ದರೆ ನಿಂತು ಎರಡು ಮಾತಾಡಿಯೇ ಹೋಗುವವರು. ಆ ವರ್ಷದ ಪರೀಕ್ಷೆಯಲ್ಲಿ ರೋಗಿಯನ್ನು ಮಾತಾಡಿಸಿ, ನೋಡಿ, ಮುಟ್ಟಿ, ಏನಾಗಿದೆ ಎಂದು ಅಂದಾಜು ಮಾಡುವ ಹೊಸ ಭಾಗವೊಂದು ಸೇರಿತ್ತು. ಅದಕ್ಕೆ ಗೊಂಬೆ ಸಾಲದು. ನಿಜವಾದ ರೋಗಿಗಳನ್ನು ವಾರ್ಡಿನಿಂದ ಎಬ್ಬಿಸಿಕೊಂಡು ಬಂದು ಹನ್ನೆರಡು ಹುಡುಗಿಯರ ಕೈಗೆ ಕೊಡುವ ಹಾಗಿಲ್ಲ. ಒಂದು ದಿನ ಮಧ್ಯಾಹ್ನ, ಬಸಲಿಂಗವ್ವ ಬಕೆಟ್ಟಿನ ನೀರು ಬದಲಿಸುತ್ತಿದ್ದಾಗ, ಸಿಸ್ಟರ್ ಬಂದು ಪಕ್ಕದಲ್ಲಿ ನಿಂತರು.

"ಬಸಲಿಂಗವ್ವ, ನಿಮಗೆ ಮಂಚದ ಮೇಲೆ ಮಲಗಿ ನರಳ್ಲಿಕ್ಕೆ ಬರ್ತದಾ?"

"ನರಳೂದೇನ್ ದೊಡ್ಡ ಮಾತ್ರಿ ಸಿಸ್ಟರ್. ಮಲಗಾಕ ಪುರುಸೊತ್ತ ಸಿಕ್ಕಿದ್ದಿಲ್ಲ, ಅಷ್ಟ."

ಹಾಗೆ ಶುರುವಾಯಿತು. ವಾರಕ್ಕೆರಡು ದಿನ, ಊಟದ ನಂತರ ಒಂದು ತಾಸು. ಸಿಸ್ಟರ್ ಅವಳಿಗೆ ಒಂದು ಹೊಸ ಬದುಕನ್ನೇ ಬಾಯಿಪಾಠ ಮಾಡಿಸಿದರು. ಹೆಸರು ಸುಶೀಲಾಬಾಯಿ. ವಯಸ್ಸು ಐವತ್ತೆಂಟು. ಮೂರು ದಿನದಿಂದ ಉಸಿರಾಟ ಕಷ್ಟ. ಅಂಗಾತ ಮಲಗಿದರೆ ದಮ್ಮು ಹತ್ತುತ್ತದೆ, ಎರಡು ದಿಂಬು ಬೇಕು. ಸಂಜೆಗೆ ಕಾಲು ಬಾತುಕೊಳ್ಳುತ್ತವೆ. ಬಿ.ಪಿ. ಇದೆ, ಮಾತ್ರೆ ಬಿಟ್ಟು ಎರಡು ವಾರವಾಯಿತು. ಶುಗರ್ ಇಲ್ಲ. ಗಂಡ ತೀರಿಕೊಂಡಿದ್ದಾನೆ.

"ಗಂಡನ್ನ ಯಾಕ ಸಾಯಸ್ತೀರಿ?" ಎಂದಳು ಬಸಲಿಂಗವ್ವ. "ಗಟ್ಟಿಮುಟ್ಟ ಅದಾನ."

"ಸುಶೀಲಾಬಾಯಿ ಗಂಡ ಮಾರಾಯ್ತಿ, ನಿಮ್ಮ ಗಂಡ ಅಲ್ಲ. ಇನ್ನೊಂದು ವಿಷಯ. ಕೇಳಿದ್ರೆ ಮಾತ್ರ ಹೇಳ್ಬೇಕು. ಮಾತ್ರೆ ಬಿಟ್ಟಿದ್ದೀರಾ ಅಂತ ಕೇಳಿದ್ರೆ ಹೇಳಿ. ಕೇಳದೆ ಇದ್ರೆ ನೀವಾಗಿ ಬಾಯಿ ಬಿಡ್ಬಾರ್ದು. ಕೇಳ್ಲಿಕ್ಕೆ ಕಲೀಬೇಕಾದ್ದು ಅವರು."

ಬಸಲಿಂಗವ್ವನಿಗೆ ಓದು ಬರಹ ಬಾರದಿದ್ದರೂ ನೆನಪು ಗಟ್ಟಿ. ಎರಡು ವಾರದಲ್ಲಿ ಸುಶೀಲಾಬಾಯಿ ಅವಳ ನಾಲಿಗೆಯ ತುದಿಗೆ ಬಂದು ಕೂತಳು. ಹುಡುಗಿಯರು ಹಿಂದಿಯಲ್ಲಿ ಕೇಳುತ್ತಿದ್ದರು, ಅವಳು ಧಾರಾವಿಯ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಮಲಗಿದಲ್ಲಿಂದ ನೋಡಿದರೆ ಹುಡುಗಿಯರು ಬೇರೆಯಾಗಿಯೇ ಕಾಣುತ್ತಿದ್ದರು. ಒಬ್ಬಳು ಒಂದೇ ಉಸಿರಿಗೆ ಮೂರು ಪ್ರಶ್ನೆ ಕೇಳಿ, ಯಾವುದಕ್ಕೆ ಉತ್ತರ ಹೇಳಬೇಕೆಂದು ತಿಳಿಯದೆ ಇವಳು ತಬ್ಬಿಬ್ಬಾದಾಗ, "ಸಹಕರಿಸುತ್ತಿಲ್ಲ" ಎಂದು ಬರೆದುಕೊಂಡಳು. ಇನ್ನೊಬ್ಬಳು ಕೇಳುತ್ತಿದ್ದಳು, ಆದರೆ ಕಣ್ಣೆಲ್ಲ ಕಾಗದದ ಮೇಲೆ. ಮತ್ತೊಬ್ಬಳ ಕೈ ಮಂಜಿನಷ್ಟು ತಣ್ಣಗೆ.

ಉಸಿರು ಎಣಿಸುವ ಪಾಠ ಅವಳಿಗೆ ಬಹಳ ಹಿಡಿಸಿತು. "ಉಸಿರು ಎಣಿಸ್ತೇನೆ ಅಂತ ರೋಗಿಗೆ ಹೇಳ್ಬಾರ್ದು," ಎನ್ನುತ್ತಿದ್ದರು ಸಿಸ್ಟರ್. "ಹೇಳಿದ ಕೂಡ್ಲೇ ಉಸಿರಾಟವೇ ಬದಲಾಗ್ತದೆ. ನಾಡಿ ನೋಡಿದ ಹಾಗೆ ಕೈ ಹಿಡ್ಕೊಂಡಿರಿ, ಕಣ್ಣು ಎದೆ ಮೇಲಿರ್ಲಿ. ಪೂರ್ತಿ ಒಂದು ನಿಮಿಷ." ಆಮೇಲಿನಿಂದ ಬಸಲಿಂಗವ್ವ ಮಾಹಿಮ್‌ನಿಂದ ಗ್ರಾಂಟ್ ರೋಡಿಗೆ ಬರುವ ಲೋಕಲ್ಲಿನಲ್ಲಿ ಎದುರು ಕೂತವರ ಉಸಿರು ಎಣಿಸತೊಡಗಿದಳು. ನಿದ್ದೆ ಹೋದವರದು ಹದಿನಾಲ್ಕು, ಓಡಿ ಬಂದು ಹತ್ತಿದವರದು ಮೂವತ್ತು.

ರೋಗಿಯ ಪಾಲಿಗೂ ಐದು ಮಾರ್ಕು ಇತ್ತು. ಇಪ್ಪತ್ತು ಮಾರ್ಕು ಪರೀಕ್ಷಕರದು, ಐದು ಮಂಚದ ಮೇಲೆ ಮಲಗಿದವರದು. ಹುಡುಗಿ ಹೊರಗೆ ಹೋದ ಮೇಲೆ ಬಸಲಿಂಗವ್ವ ಬೆರಳು ತೋರಿಸಬೇಕು, ಸಿಸ್ಟರ್ ಬರೆದುಕೊಳ್ಳುತ್ತಾರೆ. ಮೊದಮೊದಲು ಪಾಪ ಎಂದು ಎಲ್ಲರಿಗೂ ಐದೈದು ಕೊಟ್ಟಳು. "ಹೀಗೆ ಕೊಟ್ರೆ ನಾಳೆ ವಾರ್ಡಿನಲ್ಲಿ ಇವರ ಕೈಗೆ ಸಿಕ್ಕವರ ಗತಿ ಎಂತ?" ಎಂದು ಸಿಸ್ಟರ್ ಕೇಳಿದ ಮೇಲೆ ಬಿಗಿಯಾದಳು. ನಾಲ್ಕು ಸಿಗುವುದೇ ಅಪರೂಪವಾಯಿತು.

ಹನ್ನೆರಡು ಹುಡುಗಿಯರಲ್ಲಿ ಯಕ್ಷಿತಾ ಎಂಬವಳು ಯಾವಾಗಲೂ ತಡ. ಎಂಟು ನಿಮಿಷಕ್ಕೆ ಗಂಟೆ ಹೊಡೆದಾಗ ಉಳಿದವರೆಲ್ಲ ಮುಗಿಸಿ ಕೈ ಕಟ್ಟಿ ನಿಂತಿದ್ದರೆ, ಇವಳು ಇನ್ನೂ ಬಿ.ಪಿ. ಪಟ್ಟಿ ಸುತ್ತುತ್ತಿರುತ್ತಿದ್ದಳು. ಕಾರ್ಕಳದ ಕಡೆಯವರ ಮಗಳು; ತಂದೆ ಅಲ್ಲೇ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ಮನೆಯಲ್ಲಿ ತುಳು, ಹೊರಗೆ ಹಿಂದಿ. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುವಾಗ ತಡವರಿಸುತ್ತಿತ್ತು.

"ನೀನು ರೋಗಿಯನ್ನು ನೋಡ್ಲಿಕ್ಕೆ ಹೋದದ್ದಾ, ಸಂಬಂಧ ಕೇಳ್ಲಿಕ್ಕೆ ಹೋದದ್ದಾ?" ಎಂದು ಸಿಸ್ಟರ್ ಎಲ್ಲರೆದುರು ಬೈದರು. "ಎಂಟು ನಿಮಿಷ ಅಂದ್ರೆ ಎಂಟು ನಿಮಿಷ."

ಯಕ್ಷಿತಾ ತಲೆ ತಗ್ಗಿಸಿದಳು. ಬಸಲಿಂಗವ್ವ ಆ ದಿನ ಅವಳಿಗೆ ನಾಲ್ಕು ಬೆರಳು ತೋರಿಸಿದ್ದು ಅವಳಿಗೆ ಗೊತ್ತಿರಲಿಲ್ಲ.

ಪರೀಕ್ಷೆ ಏಪ್ರಿಲ್ ಕೊನೆಯ ವಾರ. ಬೇರೆ ಕಾಲೇಜಿನಿಂದ ಪರೀಕ್ಷಕಿಯೊಬ್ಬರು ಬಂದಿದ್ದರು. ಬಿಳಿ ಕೂದಲಿನ, ಮಾತು ಕಡಿಮೆಯ ಹೆಂಗಸು. ಮೂಲೆಯ ಕುರ್ಚಿಯಲ್ಲಿ ಕೂತು ಪಟ್ಟಿಗೆ ಗುರುತು ಹಾಕುತ್ತಿದ್ದರು. ಕೊನೆಗೆ ಹುಡುಗಿ ಅವರ ಕಡೆ ತಿರುಗಿ, ಅವರನ್ನೇ ವಾರ್ಡಿನ ಹಿರಿಯ ನರ್ಸ್ ಎಂದುಕೊಂಡು, ಕಂಡದ್ದನ್ನು ವರದಿ ಮಾಡಬೇಕು. ಅದಕ್ಕೇ ಮೂರು ಮಾರ್ಕು.

ಬಸಲಿಂಗವ್ವ ಬೆಳಗಿನಿಂದ ಮಲಗಿದ್ದಳು. ಆಸ್ಪತ್ರೆ ಕೊಟ್ಟ ಬೂಟುಗಳನ್ನು ಮಂಚದ ಕೆಳಗೆ ಬಿಟ್ಟು, ಕರಿ ಕಾಲುಚೀಲ ಹಾಗೇ ಇಟ್ಟುಕೊಂಡಿದ್ದಳು. ಕಾಲು ಬಾತಿದೆಯೋ ಎಂದು ನೋಡಲು ಪಾದದ ಗಂಟಿನ ಹರಡಿನ ಮೇಲೆ ಬೆರಳಿಟ್ಟು ಐದು ಸೆಕೆಂಡು ಒತ್ತಿದರೆ ಸಾಕು, ಗುಳಿ ಬೀಳುತ್ತದೋ ಇಲ್ಲವೋ ತಿಳಿಯುತ್ತದೆ ಎಂದು ಸಿಸ್ಟರೇ ತೋರಿಸಿಕೊಟ್ಟಿದ್ದರು. ಚೀಲ ಬಿಚ್ಚಿ ಹಾಕುವುದಕ್ಕೆ ಹನ್ನೆರಡು ಸಲ ವೇಳೆ ಯಾಕೆ ಹಾಳು ಎಂದು ಅವರ ಲೆಕ್ಕ. ಏಳು ಹುಡುಗಿಯರು ಬಂದರು, ಹರಡಿನ ಮೇಲೆ ಒತ್ತಿದರು, ಹೋದರು. ಬಸಲಿಂಗವ್ವ ಪರೀಕ್ಷಕಿಗೆ ಏಳು ಸಲ ಬೆರಳು ತೋರಿಸಿದಳು.

ಎಂಟನೆಯವಳು ಯಕ್ಷಿತಾ. ಕೈ ತೊಳೆದುಕೊಂಡು ಬಂದು ಹೆಸರು ಕೇಳಿದಳು, ತನ್ನ ಹೆಸರು ಹೇಳಿದಳು. ದಿಂಬು ಎಷ್ಟು ಬೇಕಾಗುತ್ತದೆ ಎಂದು ಕೇಳಿದಳು. ಇದನ್ನು ಕೇಳಿದವರು ಅವಳಿಗಿಂತ ಮುಂಚೆ ಇಬ್ಬರೇ. ಮಾತ್ರೆಯ ವಿಷಯ ಕೇಳಿದಳು. ಉಸಿರು ಎಣಿಸಿದಳು. ಆಮೇಲೆ ಕಾಲಿನ ಕಡೆ ಹೋಗಿ ಹರಡು ಒತ್ತಿದಳು. ಒತ್ತಿದವಳು ಅಲ್ಲೇ ನಿಂತಳು; ಕಿರುಬೆರಳಿನ ಹತ್ತಿರ ಚೀಲ ಒಣಗಿ ಗಡುಸಾದಂತೆ ಕಂಡಿತು. ಬಗ್ಗಿದಳು. ಎಡಗಾಲಿನ ಚೀಲದ ಅಂಚು ಹಿಡಿದು ಮೆಲ್ಲಗೆ ಎಳೆಯತೊಡಗಿದಳು. ಚೀಲ ಅರ್ಧಕ್ಕೆ ಬಂದು ನಿಂತಿತು. ಕಿರುಬೆರಳಿನ ಬುಡದಲ್ಲಿ ಬಟ್ಟೆ ಅಂಟಿಕೊಂಡಿತ್ತು.

ಅವಳು ಹತ್ತಿಯನ್ನು ನೀರಲ್ಲಿ ಅದ್ದಿ, ಅಂಟಿದ ಜಾಗ ನೆನೆಸಿ, ಬಿಡಿಸಿದಳು. ಒಳಗೆ ಹಳೆಯ ಪ್ಲಾಸ್ಟರಿನ ತುಂಡೊಂದು ಕಪ್ಪಾಗಿ ಮುದುಡಿತ್ತು. ಅದರ ಕೆಳಗೆ ಎಂಟಾಣೆ ಅಗಲದ ಹುಣ್ಣು, ಸುತ್ತ ಬಿಳುಚಿದ ದಪ್ಪ ಚರ್ಮ.

"ಮಾವಶಿ," ಎಂದಳು ಯಕ್ಷಿತಾ. ಆಸ್ಪತ್ರೆಯಲ್ಲಿ ನೆಲ ಒರೆಸುವವರನ್ನು ಎಲ್ಲರೂ ಹಾಗೆಯೇ ಕರೆಯುವುದು. ಪರೀಕ್ಷೆಯಲ್ಲಿ ಮಾತ್ರ ಹಾಗೆ ಕರೆಯಬಾರದು, ಸುಶೀಲಾಬಾಯಿ ಎನ್ನಬೇಕು. "ಇದು ಯಾವಾಗ ಆಯ್ತು?"

ಅವಳು ಕನ್ನಡದಲ್ಲಿ ಕೇಳಿದ್ದಳು. ಬಸಲಿಂಗವ್ವ ಕತ್ತೆತ್ತಿ ನೋಡಿದಳು. ಇದು ಪಾಠದಲ್ಲಿ ಇರಲಿಲ್ಲ. ತಿಂಗಳ ಹಿಂದೆ ಅಲ್ಲೊಂದು ಆಣಿ ಎದ್ದಿತ್ತು, ಬ್ಲೇಡಿನಿಂದ ಹೆರೆದು ಪ್ಲಾಸ್ಟರ್ ಹಚ್ಚಿದ್ದಳು. ನೋವಿರಲಿಲ್ಲ, ಮರೆತುಬಿಟ್ಟಿದ್ದಳು. ಆದರೆ ಅದು ಬಸಲಿಂಗವ್ವನ ಕತೆ. ಮೂಲೆಯಲ್ಲಿ ಪರೀಕ್ಷಕಿ ಕೂತಿದ್ದಾರೆ. ತಪ್ಪು ಹೇಳಿದರೆ ಹುಡುಗಿಗೆ ಮಾರ್ಕು ಹೋಗುತ್ತದೋ ಏನೋ.

"ಗೊತ್ತಿಲ್ಲ," ಎಂದಳು ಹಿಂದಿಯಲ್ಲಿ.

"ಶುಗರ್ ಉಂಟಾ?"

"ಇಲ್ಲ."

ಅದು ಸುಶೀಲಾಬಾಯಿಯ ಉತ್ತರ. ಬಸಲಿಂಗವ್ವನದೂ ಅದೇ.

"ಟೆಸ್ಟ್ ಯಾವಾಗ ಮಾಡಿದ್ದು, ಶುಗರ್ ಇಲ್ಲ ಅಂತ?"

ಇದನ್ನು ಸಿಸ್ಟರ್ ಹೇಳಿಕೊಟ್ಟಿರಲಿಲ್ಲ. ಬಸಲಿಂಗವ್ವ ಮೂಲೆಯ ಕುರ್ಚಿಯ ಕಡೆ ನೋಡಿದಳು. ಹುಡುಗಿ ಮಂಚದ ಅಂಚಿಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: "ಮಾವಶಿ, ಸುಶೀಲಾಬಾಯಿ ಬಿಡಿ. ನಾನು ನಿಮ್ಮ ಹತ್ರ ಕೇಳೋದು. ಯಾವಾಗ ಮಾಡಿದ್ದು?"

"ಮಾಡಿಸೇ ಇಲ್ಲವ್ವ."

"ಕಣ್ಣು ಮುಚ್ಚಿ. ನಾನು ಕಾಲಿಗೆ ಟಚ್ ಮಾಡ್ತೇನೆ. ಮಾಡಿದಾಗ ಹೌದು ಅಂತ ಹೇಳಿ."

ಬಸಲಿಂಗವ್ವ ಕಣ್ಣು ಮುಚ್ಚಿದಳು. ಕಾದಳು. ಫ್ಯಾನಿನ ಸದ್ದು ಕೇಳುತ್ತಿತ್ತು, ಹೊರಗೆ ಪ್ಯಾಸೇಜಿನಲ್ಲಿ ಮುಂದಿನ ಹುಡುಗಿಯ ಚಪ್ಪಲಿ ಸದ್ದು. ಇಷ್ಟು ಹೊತ್ತು ಈ ಹುಡುಗಿ ಏನು ಮಾಡುತ್ತಿದ್ದಾಳೆ ಎನಿಸಿತು.

"ಮುಟ್ಟವ್ವ ಮತ್ತ, ಯಾಕ ನಿಂತಿ?"

ಕಣ್ಣು ತೆರೆದಳು. ಯಕ್ಷಿತಾಳ ಕೈಯಲ್ಲಿ ಹತ್ತಿಯ ಎಳೆ ಇತ್ತು, ಮುಖ ಸಣ್ಣದಾಗಿತ್ತು.

"ಐದು ಸಲ ಮುಟ್ಟಿದೆ," ಎಂದಳು.

ಗಂಟೆ ಹೊಡೆಯಿತು. ಬಿ.ಪಿ. ನೋಡಿಯಾಗಿರಲಿಲ್ಲ, ಬೆರಳಿಗೆ ಆಕ್ಸಿಜನ್ ಯಂತ್ರ ಹಾಕಿಯಾಗಿರಲಿಲ್ಲ, ವರದಿಯೂ ಆಗಿರಲಿಲ್ಲ. ಬಾಗಿಲಲ್ಲಿ ನಿಂತಿದ್ದವರು ಹೊರಗೆ ಬಾ ಎಂದು ಸನ್ನೆ ಮಾಡಿದರು. ಯಕ್ಷಿತಾ ಪರೀಕ್ಷಕಿಯ ಕಡೆ ತಿರುಗಿ ಹಿಂದಿಯಲ್ಲಿ ಏನೋ ಹೇಳಲು ಹೋದಳು. "ಟೈಮ್ ಮುಗಿಯಿತು," ಎಂದರು ಅವರು. ಹುಡುಗಿ ಹೊರಗೆ ಹೋದಳು. ಪರೀಕ್ಷಕಿ ಎರಡು ಗಳಿಗೆ ಕೂತಿದ್ದವರು ಎದ್ದು ಬಂದು ಕಾಲು ನೋಡಿದರು. ನೋಡಿದ ಮೇಲೆ ಪೆನ್ನು ಮುಚ್ಚಿ, ವಿನೋದಿನಿ ಸಿಸ್ಟರನ್ನು ಕರೆಸಿದರು. ಉಳಿದ ನಾಲ್ಕು ಹುಡುಗಿಯರಿಗೆ ಬೇರೆ ಮಂಚದಲ್ಲಿ ಇನ್ನೊಬ್ಬ ನಟನೆಯ ರೋಗಿಯನ್ನು ಕೊಡಲಾಯಿತು. ಯಕ್ಷಿತಾಳ ಹೆಸರಿನ ಮುಂದೆ ರೋಗಿಯ ಮಾರ್ಕಿನ ಜಾಗ ಖಾಲಿ ಉಳಿದದ್ದನ್ನು ಆ ಗಡಿಬಿಡಿಯಲ್ಲಿ ಯಾರೂ ನೋಡಲಿಲ್ಲ.

ರಕ್ತದ ಶುಗರು ಮುನ್ನೂರ ಎಂಬತ್ತಾರು ಇತ್ತು. ಡಾಕ್ಟರು ಹುಣ್ಣಿನೊಳಗೆ ಒಂದು ಸಣ್ಣ ಕಡ್ಡಿ ಇಳಿಸಿದಾಗ ಅದು ಎಲುಬಿಗೆ ತಾಗಿತು. ಬಸಲಿಂಗವ್ವ ಅದನ್ನು ಕೂತು ನೋಡಿದಳು. ಬೇರೆ ಯಾರದೋ ಕಾಲಿನಲ್ಲಿ ಆಗುತ್ತಿದೆ ಎಂಬಂತಿತ್ತು. ಬಹಳ ನೀರಡಿಕೆ ಆಗುತ್ತಿತ್ತೇ, ರಾತ್ರಿ ಪದೇ ಪದೇ ಏಳುತ್ತಿದ್ದೆಯಾ, ಮೈ ಇಳಿದಿದೆಯೇ ಎಂದು ಅವರು ಕೇಳುತ್ತ ಹೋದರು. ಎಲ್ಲದಕ್ಕೂ ಹೌದು. ಬೇಸಿಗೆ, ವಯಸ್ಸು, ಮೆಟ್ಟಿಲು ಹತ್ತಿ ಇಳಿದ ದಣಿವು ಎಂದು ಅವಳು ಒಂದೊಂದಕ್ಕೂ ಒಂದೊಂದು ಕಾರಣ ಇಟ್ಟುಕೊಂಡಿದ್ದಳು.

ಮೂರನೆಯ ದಿನ ಕಿರುಬೆರಳನ್ನೂ ಅದರ ಹಿಂದಿನ ಎಲುಬಿನ ತುದಿಯನ್ನೂ ತೆಗೆದರು. ಇನ್ನು ಹದಿನೈದು ದಿನ ಬಿಟ್ಟಿದ್ದರೆ ಅರ್ಧ ಪಾದ ಹೋಗುತ್ತಿತ್ತು ಎಂದರು. ಗಂಡ ಶಿವಪುತ್ರಪ್ಪ ಧಾರಾವಿಯ ಒಂದು ಚರ್ಮದ ಕಾರಖಾನೆಯಲ್ಲಿ ಬೆಲ್ಟು, ಪಾಕೀಟು ಹೊಲಿಯುವವನು. ಅವನು ಕೆಲಸ ಬಿಟ್ಟು ಬಂದು ವಾರ್ಡಿನ ಬಾಗಿಲಲ್ಲಿ ಕೈಗೆ ಹತ್ತಿದ ಅಂಟನ್ನು ಉಜ್ಜಿಕೊಳ್ಳುತ್ತ ನಿಂತ. "ನಡೀಲಿಕ್ಕ ಬರ್ತೈತಿ ಅಂದಾರೇನು?" ಎಂದು ಕೇಳಿದ. "ಬರ್ತೈತಂತ್ರಿ," ಎಂದಳು.

ವಿನೋದಿನಿ ಸಿಸ್ಟರ್ ದಿನಾ ಬರುತ್ತಿದ್ದರು. ನಾಲ್ಕನೆಯ ದಿನ ಕುರ್ಚಿ ಎಳೆದುಕೊಂಡು ಕೂತರು.

"ಮೂರು ತಿಂಗಳು ನಿಮ್ಮನ್ನು ಮಲಗಿಸಿ ಪಾಠ ಮಾಡಿದೆ," ಎಂದರು. "ಕಾಲುಚೀಲದ ಮೇಲೆ ಕೈ ಇಟ್ಟು ಎಷ್ಟು ಸಲ ತೋರಿಸಿದೆನೋ. ನನ್ನ ಕೈಯ ನಾಲ್ಕು ಬೆರಳು ಕೆಳಗೆ ಇತ್ತು ಅದು."

"ನನ್ನ ಕಾಲಾಗ ಇತ್ತು. ನನಗ ತಿಳೀಲಿಲ್ಲ. ನಿಮಗ ಹ್ಯಾಂಗ ತಿಳೀಬೇಕ್ರಿ?"

ಸಿಸ್ಟರ್ ಅದನ್ನು ಒಪ್ಪಲಿಲ್ಲ, ಹಾಗೆಂದು ವಾದಿಸಲೂ ಇಲ್ಲ. ಯಕ್ಷಿತಾಳ ಸುದ್ದಿ ಹೇಳಿದರು. ಪರೀಕ್ಷಕರ ಇಪ್ಪತ್ತರಲ್ಲಿ ಹನ್ನೊಂದು ಬಂದಿದೆ. ಪಾಸಾಗಲು ಇಪ್ಪತ್ತೈದಕ್ಕೆ ಹದಿಮೂರು ಬೇಕು. ರೋಗಿಯ ಮಾರ್ಕು ಖಾಲಿ, ಹಾಗಾಗಿ ಫೇಲು.

"ಅಲ್ಲಾ, ಆ ಹುಡುಗಿ ಒಬ್ಬಾಕೀನ ಅಲ್ಲೇನ್ರಿ ನೋಡಿದ್ದು?"

"ಅದೂ ಸತ್ಯ. ಆದರೆ ಆ ಮೇಡಮ್ಮು ಹೇಳುವುದರಲ್ಲಿಯೂ ಒಂದು ಮಾತುಂಟು. ಹುಡುಗಿ ಹುಣ್ಣು ಕಂಡಳು, ನಂತರ ಮೂಲೆಯಲ್ಲಿ ಕೂತಿದ್ದ ಅವರನ್ನು ಕರೆಯಲೇ ಇಲ್ಲ, ಗಂಟೆ ಹೊಡೆಯುವವರೆಗೆ ತಾನೊಬ್ಬಳೇ ನಿಂತುಕೊಂಡಳು ಅಂತಾರೆ. ಕಂಡದ್ದನ್ನು ಹೇಳದಿದ್ರೆ ಕಂಡು ಪ್ರಯೋಜನ ಎಂತ ಅಂತ." ಸಿಸ್ಟರ್ ಕಾಗದವೊಂದನ್ನು ಬಿಡಿಸಿದರು. "ನಿಮ್ಮ ಐದು ಮಾರ್ಕು ಈಗ ಬರೆದು ಕಳಿಸ್ತೇನೆ. ಒಪ್ತಾರೋ ಬಿಡ್ತಾರೋ. ಎಷ್ಟು ಕೊಡ್ತೀರಿ?"

ಬಸಲಿಂಗವ್ವ ತನ್ನ ಕಟ್ಟು ಹಾಕಿದ ಕಾಲನ್ನು ನೋಡಿದಳು. ಆಮೇಲೆ ಮೂರು ಬೆರಳು ಎತ್ತಿದಳು.

ಸಿಸ್ಟರ್ ಪೆನ್ನು ಹಿಡಿದವರು ಹಾಗೇ ನೋಡಿದರು. "ಮೂರಾ?"

"ಮೂರ. ಬರ್ಕೋರಿ."

ಆ ಸಂಜೆ ಯಕ್ಷಿತಾ ವಾರ್ಡಿಗೆ ಬಂದಳು. ಹೋಟೆಲಿನಿಂದ ತಂದೆ ಕೊಟ್ಟ ಇಡ್ಲಿಯ ಪೊಟ್ಟಣ ತಂದಿದ್ದಳು, ಚಟ್ನಿಗೆ ಸಕ್ಕರೆ ಹಾಕಿಲ್ಲ ಎಂದು ಮೊದಲೇ ಹೇಳಿದಳು. ಮಂಚದ ಪಕ್ಕ ನಿಂತು ಚಾರ್ಟಿನಲ್ಲಿ ಬರೆದದ್ದನ್ನು ಓದಿದಳು. ಕೊನೆಗೆ ತಡೆಯಲಾರದೆ ಕೇಳಿದಳು.

"ಸಿಸ್ಟರ್ ಹೇಳಿದ್ರು, ತ್ರೀ ಕೊಟ್ರಿ ಅಂತ."

"ಹೌದವ್ವ."

"ಪ್ರಾಕ್ಟೀಸಲ್ಲಿ ಫೋರ್ ಕೊಟ್ಟಿದ್ರಂತೆ."

"ಕುಂಡ್ರ ಇಲ್ಲಿ," ಎಂದಳು ಬಸಲಿಂಗವ್ವ. ಹುಡುಗಿ ಕೂತಳು. "ನೋಡು, ನೀ ಬಂದಿ, ಹೆಸರ ಕೇಳಿದಿ, ದಿಂಬಿಂದ ಕೇಳಿದಿ, ಭಾಳ ಛಲೋ ಕೇಳಿದಿ. ಆಮ್ಯಾಲ ಕಾಲ ಹಂತ್ಯಾಕ ಹ್ವಾದಿ. ಚೀಲ ಬಿಚ್ಚೂ ಮುಂದ ನನಗ ಒಂದ ಮಾತ ಕೇಳಿದೇನು? ಬಿಚ್ಚಲೇನ್ರಿ ಅಂತ?"

"ಇಲ್ಲ."

"ಕಾಲ ನನ್ನದು. ಅದೊಂದು. ಇನ್ನೊಂದು, ಹುಣ್ಣ ನೋಡಿದ ಕೂಡ್ಲೇ ನಿನ್ನ ಮಾರಿ ಬಿಳಚಿ ಆತು. ನನ್ನ ಕಣ್ಣ ಮುಚ್ಚಿಸಿದಿ. ನಾ ಕಣ್ಣ ತಗದಾಗ ನೀ ಐದ ಸಲ ಮುಟ್ಟೇನಿ ಅಂದಿ, ಮತ್ತ ಹೋಗೇಬಿಟ್ಟಿ. ನಾ ಅಲ್ಲಿ ಮಕ್ಕೊಂಡ ಏನಂತ ತಿಳೀಬೇಕು? ಕಾಲ ಸತ್ತೈತೋ, ನಾನ ಸಾಯ್ತೇನೋ?"

ಯಕ್ಷಿತಾ ಕೈಬೆರಳುಗಳನ್ನು ನೋಡಿಕೊಳ್ಳುತ್ತ ಕೂತಳು. ಅವಳ ಕಣ್ಣಲ್ಲಿ ನೀರು ಬರಬಹುದು ಎಂದು ಬಸಲಿಂಗವ್ವನಿಗೆ ಅಂಜಿಕೆಯಾಯಿತು, ಆದರೆ ಬರಲಿಲ್ಲ.

"ಡರ್ ಆಯ್ತು ಮಾವಶಿ. ಬುಕ್ಕಲ್ಲಿ ಓದಿದ್ದೆ. ನಿಜವಾಗಿ ನೋಡಿರಲಿಲ್ಲ. ಮೇಡಮನ್ನು ಕರೆದ್ರೆ ಎಕ್ಸಾಮ್ ಹಾಳಾಗ್ತದೆ ಅಂತ ಒಂದು ಕಡೆ. ಕರೀಬೇಕು ಅಂತ ಒಂದು ಕಡೆ."

"ಕರೀಬೇಕಿತ್ತು."

"ಹೌದು. ಕರೀಬೇಕಿತ್ತು."

"ಅಂಜಿದ್ರೂ ಕಾಲ ಬಿಟ್ಟ ಓಡಿ ಹೋಗ್ಲಿಲ್ಲ ನೀನು. ಆ ಮೂರು ಅದಕ್ಕ. ಇಡ್ಲಿ ಬಿಚ್ಚು, ಆರತಾವು."

ಅಲ್ಲಿಂದ ಯಕ್ಷಿತಾ ಸಂಜೆ ಸಂಜೆ ಬರತೊಡಗಿದಳು. ಅವಳ ಹತ್ತಿರ ಒಂದು ಸಣ್ಣ ನೋಟ್‌ಬುಕ್ ಇತ್ತು. ವಾರ್ಡಿನಲ್ಲಿ ಧಾರಾವಿ ಕಡೆಯಿಂದ ಬರುವ ಹೆಂಗಸರು ಅನೇಕರು ಉತ್ತರ ಕರ್ನಾಟಕದವರು; ಅವರು ಹೇಳುವುದು ತನಗೆ ಅರ್ಧ ತಿಳಿಯುವುದಿಲ್ಲ, ನೋವು ಅಂದರೆ ನೋವು ಅಂತ ಮಾತ್ರ ಬರೆದುಕೊಳ್ಳುತ್ತೇನೆ ಎಂದಳು. ಬಸಲಿಂಗವ್ವ ನಕ್ಕಳು. ನೋವು ಒಂದೇ ನಮೂನಿ ಇರುತ್ತದೆಯೇ ಎಂದು ಕೇಳಿ, ಒಂದೊಂದಾಗಿ ಹೇಳಿಕೊಟ್ಟಳು. ಸೆಳೀತೈತಿ ಅಂದರೆ ಎಳೆದು ಎಳೆದು ಬಿಡುವುದು. ಕಡೀತೈತಿ ಅಂದರೆ ಬಿಡದೆ ಒಳಗೇ ಕೊರೆಯುವುದು. ಎದಿ ಹಿಂಡತೈತಿ ಅಂತ ಯಾರಾದರೂ ಅಂದರೆ ಬರೆಯುತ್ತ ಕೂರಬೇಡ, ಡಾಕ್ಟರನ್ನು ಕರೆ. ಜುಮ್ಮ ಅಂತೈತಿ ಅಂದರೆ ಇರುವೆ ಹರಿದಂತೆ. ಮರಗಟ್ಟೇತಿ ಅಂದರೆ ಇದೋ, ಈ ಕಾಲಿನ ಹಾಗೆ. "ಏನೂ ಇಲ್ರೀ, ಆರಾಮ ಅದೇನಿ" ಅಂದರೆ ಇನ್ನೊಂದು ಸಲ ಕೇಳಬೇಕು. ಹುಡುಗಿ ಅದನ್ನೆಲ್ಲ ಹಿಂದಿ ಅಕ್ಷರದಲ್ಲಿ ಬರೆದುಕೊಂಡಳು, ಕನ್ನಡ ಅಕ್ಷರ ಅವಳಿಗೆ ಬರುತ್ತಿರಲಿಲ್ಲ.

ಹನ್ನೊಂದನೆಯ ದಿನ ಮನೆಗೆ ಬಿಟ್ಟರು. ಪರೀಕ್ಷಕಿಯ ಉತ್ತರ ಬಂದದ್ದು ಅದರ ಮಾರನೆಯ ವಾರ. ಹಿಂದಿನಿಂದ ಕೊಟ್ಟ ಮಾರ್ಕು ಸೇರಿಸಲು ಬರುವುದಿಲ್ಲ, ನಿಯಮ ಇಲ್ಲ. ಆದರೆ ಪರೀಕ್ಷೆ ನಡುವೆ ಕೆಟ್ಟದ್ದರಿಂದ ಆ ಒಂದು ಭಾಗವನ್ನು ಮತ್ತೊಮ್ಮೆ ಮಾಡಲು ಅವಕಾಶ ಕೊಡಬೇಕೆಂದು ತಾನೇ ಶಿಫಾರಸು ಮಾಡಿದ್ದೇನೆ ಎಂದು ಬರೆದಿದ್ದರು. ಜೂನ್ ಮೊದಲ ವಾರ ಎಂದು ಗೊತ್ತಾಯಿತು.

ಅಷ್ಟರಲ್ಲಿ ಬಸಲಿಂಗವ್ವ ಮತ್ತೆ ಕೆಲಸಕ್ಕೆ ಬಂದಿರಲಿಲ್ಲ. ಗಾಯ ಮಾಯುವವರೆಗೆ ಕಾಲೂರಿ ನಿಲ್ಲಬಾರದೆಂದು ಡಾಕ್ಟರು ಹೇಳಿದ್ದರು. ಗೊತ್ತಿರುವ ರೋಗಿಯನ್ನೇ ಎರಡು ಸಲ ಕೊಡುವುದೂ ಸರಿಯಲ್ಲ. ಹಾಗಾಗಿ ಸುಶೀಲಾಬಾಯಿಯ ಪಾತ್ರ ಎರಡನೆಯ ಮಹಡಿ ಒರೆಸುವ ಸುಂದ್ರವ್ವನಿಗೆ ಹೋಯಿತು. ಸುಂದ್ರವ್ವ ಬಸಲಿಂಗವ್ವನ ಚಾಳಿನಲ್ಲೇ ಎರಡು ಖೋಲಿ ಆಚೆ ಇದ್ದವಳು. ದಿನಾ ಸಂಜೆ ಬಂದು ಹೊಸ್ತಿಲ ಮೇಲೆ ಕೂತು ಪಾಠ ಒಪ್ಪಿಸುತ್ತಿದ್ದಳು.

"ಹೆಸರ ಏನು?"

"ಸುಶೀಲಾಬಾಯಿ. ದಿಂಬ ಎರಡ."

"ಕೇಳಲಾರದ ಹೇಳಿದೆಲ್ಲ? ಹೆಸರ ಕೇಳಿದ ಮ್ಯಾಲ ದಿಂಬಿಂದ ಯಾಕ ಹೇಳ್ತಿ? ಬಾಯಿ ಮುಚಗೊಂಡ ಇರಬೇಕು."

"ನಿನ್ನೆ ನೀನ ಕೇಳಿದೆಲ್ಲ ಅದನ್ನ."

"ನಾ ಪಾಠ ಕೇಳ್ತಿರೂದು. ಆಕಿ ಕೇಳಿದಾಗ ಹೇಳು."

ಮರುಪರೀಕ್ಷೆಯಲ್ಲಿ ಯಕ್ಷಿತಾಳಿಗೆ ಇಪ್ಪತ್ತೈದಕ್ಕೆ ಹತ್ತೊಂಬತ್ತು ಬಂತು. ಏಳೂವರೆ ನಿಮಿಷಕ್ಕೆ ಮುಗಿಸಿದಳಂತೆ. ಎರಡೂ ಕಾಲಿನ ಚೀಲ, ಕೇಳಿಯೇ ಬಿಚ್ಚಿದಳಂತೆ. ಬೆರಳಿನ ಸಂದಿ ನೋಡಿದಳಂತೆ. ಸುಂದ್ರವ್ವ ಸುದ್ದಿ ತಂದು, ತಾನು ಐದಕ್ಕೆ ಐದೂ ಕೊಟ್ಟೆ ಎಂದು ಹೆಮ್ಮೆಯಿಂದ ಹೇಳಿದಳು.

"ಕೈ ಬೆಚ್ಚಗಿದ್ದುವೇನು?" ಎಂದಳು ಬಸಲಿಂಗವ್ವ.

ಸುಂದ್ರವ್ವನಿಗೆ ನೆನಪಿರಲಿಲ್ಲ.

"ಮತ್ತ ಹ್ಯಾಂಗ ಐದು ಕೊಟ್ಟಿ?"

ಜುಲೈ ಹೊತ್ತಿಗೆ ಗಾಯ ಕೂಡಿಕೊಂಡಿತು. ಆದರೆ ಪಾದದ ಹೊರಗಿನ ಅಂಚು ಒಳಕ್ಕೆ ಸರಿದು, ಯಾವ ಚಪ್ಪಲಿಯೂ ಸರಿಯಾಗಿ ಕೂರುತ್ತಿರಲಿಲ್ಲ. ಒತ್ತಿದರೆ ಮತ್ತೆ ಹುಣ್ಣಾಗುತ್ತದೆ, ಒತ್ತಿದ್ದು ತಿಳಿಯುವುದೂ ಇಲ್ಲ. ಒಂದು ಭಾನುವಾರ ಶಿವಪುತ್ರಪ್ಪ ಅಂಗಳದ ಬೆಳಕಿನಲ್ಲಿ ಒಂದು ರಟ್ಟು ಹಾಸಿ, ಅವಳನ್ನು ಅದರ ಮೇಲೆ ನಿಲ್ಲಿಸಿ, ಸೀಸದ ಕಡ್ಡಿಯಿಂದ ಕಾಲಿನ ಸುತ್ತ ಗೆರೆ ಎಳೆದ. ನಾಲ್ಕು ಬೆರಳಿನ ಆ ಗೆರೆಯನ್ನು ಇಬ್ಬರೂ ನೋಡಿದರು. ಅವನು ಕಾರಖಾನೆಯಿಂದ ಮೆತ್ತನೆಯ ಚರ್ಮ ತಂದು, ಡಾಕ್ಟರು ಹೇಳಿದ ದಪ್ಪ ಸ್ಪಂಜನ್ನು ಕೆಳಗೆ ಕೊಟ್ಟು, ಮೊಳೆ ಹೊಡೆಯದೆ ಹೊಲಿದು ಒಂದು ಜೋಡು ಮಾಡಿದ. ಮಾಡಿದ ಮೇಲೆ ಒಳಗೆ ಕೈ ಹಾಕಿ, ಹೊಲಿಗೆಯ ಗಂಟು ಎಲ್ಲಾದರೂ ಚುಚ್ಚುತ್ತದೋ ಎಂದು ಬೆರಳಿನಿಂದ ತಡವಿ ತಡವಿ ನೋಡಿದ. ಒಂದು ಕಡೆ ಚುಚ್ಚಿತು, ಬಿಚ್ಚಿ ಮತ್ತೆ ಹೊಲಿದ.

ಆಗಸ್ಟ್ ಒಂದರಿಂದ ಅವಳು ಕೆಲಸಕ್ಕೆ ಹೋದಳು. ಬೂಟಿನ ಬದಲು ಈ ಚಪ್ಪಲಿ ಹಾಕಿಕೊಳ್ಳಲು ಸೂಪರ್‌ವೈಸರ್ ಕಾಗದ ಬೇಕೆಂದ, ಡಾಕ್ಟರು ಬರೆದುಕೊಟ್ಟರು. ಯಕ್ಷಿತಾ ಅಷ್ಟರಲ್ಲಿ ಪಾಸಾಗಿ ಬಾಂದ್ರಾದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕೆ ಸೇರಿದ್ದಳು. ವಿನೋದಿನಿ ಸಿಸ್ಟರ್ ಹೊಸ ಬ್ಯಾಚಿನ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದ್ದರು: ಅನುಮತಿ ಕೇಳಿ ಎರಡೂ ಕಾಲುಚೀಲ ತೆಗೆ. ಅದಕ್ಕೆಂದು ಎಂಟು ನಿಮಿಷವನ್ನು ಹತ್ತು ಮಾಡಿಸಿಕೊಂಡಿದ್ದರು. ಬಸಲಿಂಗವ್ವ ಮಂಗಳವಾರ, ಶುಕ್ರವಾರ ಮತ್ತೆ ಮಂಚದ ಮೇಲೆ ಮಲಗತೊಡಗಿದಳು. ಈ ಸಲ ಅವಳಿಗೆ ಹೊಸ ಹೆಸರು, ಹೊಸ ಕಾಯಿಲೆ. ಗಂಡ ಬದುಕಿದ್ದ.

ಕಾಲನ್ನು ದಿನಾ ಒಮ್ಮೆ ಅಡಿಯಿಂದ ನೋಡಬೇಕೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಅವಳಿಗೆ ಅಷ್ಟು ಬಗ್ಗಲು ಬರುತ್ತಿರಲಿಲ್ಲ. ಬೆಳಿಗ್ಗೆ ಚಹಾ ಆದ ಮೇಲೆ, ಕೆಲಸಕ್ಕೆ ಹೋಗುವ ಮುಂಚೆ, ಅವಳು ಡಬ್ಬದ ಮೇಲೆ ಕಾಲಿಡುತ್ತಿದ್ದಳು. ಶಿವಪುತ್ರಪ್ಪ ಮೊಬೈಲಿನ ಬೆಳಕು ಹಿಡಿದು ನೋಡುತ್ತಿದ್ದ.

"ಏನೂ ಇಲ್ಲ," ಎನ್ನುತ್ತಿದ್ದ.

"ಹಿಮ್ಮಡ?"

"ನೋಡ್ದೆ. ಸ್ವಚ್ಛ ಐತಿ."

"ಆ ಇನ್ನೊಂದ ಕಾಲು?"

ಅವನು ಇನ್ನೊಂದು ಕಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಬೆಳಕು ಹಿಡಿಯುತ್ತಿದ್ದ.